ಅಳಿಸಿದರೂ ಇಳಿಯದ ಮೆಮೊರಿ: ಲಿನಕ್ಸ್ ಕರ್ನಲ್‌ನ ಒಂದು ಪರ್‌ಸಿಪಿಯು ಪ್ರಕರಣ

7488. 481152. 481152.

ಈ ಪ್ರಕರಣ ಇರೋದೇ ಈ ಮೂರು ಅಂಕಿಗಳ ಸುತ್ತ. ಮೂರೂ ಕೆಬಿ ಲೆಕ್ಕದಲ್ಲಿವೆ. ಲಿನಕ್ಸ್‌ನಲ್ಲಿ ಮೆಮೊರಿ ಎಲ್ಲೆಲ್ಲಿ ಖರ್ಚಾಗಿದೆ ಅಂತ ತೋರಿಸುವ ಮೆಮ್‌ಇನ್ಫೊ ಫೈಲ್ ಇದೆಯಲ್ಲ, ಅದರಲ್ಲಿ 'ಪರ್‌ಸಿಪಿಯು' ಅನ್ನುವ ಒಂದು ಸಾಲು ಇರುತ್ತದೆ, ಅಂದರೆ ಪ್ರತಿ ಪ್ರೊಸೆಸರಿಗೂ ಬೇರೆ ಬೇರೆ ಪ್ರತಿ ಇಡಲು ಹೋದ ಮೆಮೊರಿ. ಆ ಸಾಲನ್ನು ಮೂರು ಸಲ ಓದಿದಾಗ ಸಿಕ್ಕ ಅಂಕಿಗಳಿವು. ಮೊದಲ ಸಲ ಓದಿದ್ದು ಏನೂ ಮಾಡುವ ಮುಂಚೆ. ಎರಡನೇ ಸಲ, 11,000 ಮೆಮೊರಿ ಸಿಗ್ರೂಪ್‌ಗಳನ್ನು (ಪ್ರೋಗ್ರಾಂಗಳನ್ನು ಗುಂಪು ಮಾಡಿ, ಅವು ಬಳಸುವ ಮೆಮೊರಿಗೆ ಲೆಕ್ಕ, ಮಿತಿ ಇಡುವ ಲಿನಕ್ಸ್ ವ್ಯವಸ್ಥೆ) ಮಾಡಿದ ಮೇಲೆ. ಮೂರನೇ ಸಲ, ಅವುಗಳಲ್ಲಿ 10,000 ಅಳಿಸಿ ಹತ್ತು ಸೆಕೆಂಡ್ ಕಾದ ಮೇಲೆ.

ಹನ್ನೊಂದರಲ್ಲಿ ಹತ್ತು ಪಾಲು ಹೋಯಿತು. ಮೆಮೊರಿ ಮಾತ್ರ ಒಂದು ಕೆಬಿಯೂ ವಾಪಸ್ ಬರಲಿಲ್ಲ.

2021ರಲ್ಲಿ ರೋಮನ್ ಗುಶ್ಚಿನ್ ಒಂದು ಪ್ಯಾಚ್ ಸರಣಿಯ (ಕೋಡ್‌ಗೆ ಸೂಚಿಸಿದ ಬದಲಾವಣೆಗಳ) ಜೊತೆ ಈ ಅಂಕಿಗಳನ್ನು ಮುಂದಿಟ್ಟರು. ಆಗ ಅವರು ಫೇಸ್‌ಬುಕ್‌ನಲ್ಲಿ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಕೆಲಸ ಮಾಡುತ್ತಿದ್ದರು. ಅಲ್ಲಿನ ಸರ್ವರ್‌ಗಳಲ್ಲಿ ಇದೇ ಕಾರಣಕ್ಕೆ ಕೆಲವೊಮ್ಮೆ ಹಲವು ಜಿಬಿ ಮೆಮೊರಿ ಸುಮ್ನೆ ವ್ಯರ್ಥವಾಗಿ ಬಿದ್ದಿರುತ್ತಿತ್ತು. ಪರೀಕ್ಷೆಗೆ ಅವರು ಬರೆದಿದ್ದು ಸಣ್ಣ ಶೆಲ್ ಸ್ಕ್ರಿಪ್ಟ್. ಒಂದು ಸಿಗ್ರೂಪ್ ಮಾಡು, ಅದರ ಬೆನ್ನಿಗೇ ಇನ್ನೂ ಹತ್ತು ಮಾಡು. ಹೀಗೆ ಸಾವಿರ ಸಲ. ಆಮೇಲೆ ಪ್ರತಿ ಗುಂಪಿನ ಮೊದಲನೆಯದನ್ನು ಮಾತ್ರ ಬಿಟ್ಟು ಉಳಿದ ಹತ್ತನ್ನು ತೆಗೆದುಹಾಕು. ಮಧ್ಯೆ ಹತ್ತು ಸೆಕೆಂಡ್ ಕಾಯುವುದಕ್ಕೂ ಕಾರಣ ಇದೆ. ಸಿಗ್ರೂಪ್‌ನ ಡೈರೆಕ್ಟರಿ ತಕ್ಷಣ ಮಾಯವಾಗುತ್ತದೆ. ಅದರ ಹಿಂದಿನ ಮೆಮೊರಿಯನ್ನು ಬಿಡಿಸುವ ಕೆಲಸ ಸ್ವಲ್ಪ ತಡವಾಗಿ, ಹಿನ್ನೆಲೆಯಲ್ಲಿ ನಡೆಯುತ್ತದೆ.

ಇಂಥದ್ದನ್ನು ನೋಡಿದವರು ಮೊದಲು ಹೇಳೋದು "ಲೀಕ್ ಆಗ್ತಿದೆ" ಅಂತ. ಪಡೆದ ಮೆಮೊರಿಯನ್ನು ಹಿಂದಿರುಗಿಸುವುದನ್ನೇ ಮರೆತರೆ ಲೀಕ್. ಇದು ಲೀಕ್ ಅಲ್ಲ. ಅಳಿಸಿದ ಪ್ರತಿ ಸಿಗ್ರೂಪ್ ತಾನು ತೆಗೆದುಕೊಂಡಿದ್ದನ್ನೆಲ್ಲ ಚೊಕ್ಕವಾಗಿ ಹಿಂದಿರುಗಿಸಿದೆ. ಮೆಮೊರಿ ಹಂಚುವ ಅಲೊಕೇಟರ್‌ನ ಲೆಕ್ಕದಲ್ಲೂ ಆ ಜಾಗ ಖಾಲಿ ಅಂತಲೇ ಇದೆ. ಆದರೆ ಖಾಲಿಯಾದ ಜಾಗ ಅಲೊಕೇಟರ್ ಕೈಯಿಂದ ಮುಂದಕ್ಕೆ, ಸಿಸ್ಟಮ್ಮಿಗೆ ಹೋಗುತ್ತಿಲ್ಲ. ಯಾಕೆ ಹೋಗುತ್ತಿಲ್ಲ ಅಂತ ಗೊತ್ತಾಗಬೇಕಾದರೆ ಪರ್‌ಸಿಪಿಯು ಮೆಮೊರಿಯ ಒಳಗಿನ ಕಟ್ಟೋಣ ನೋಡಬೇಕು.

ಒಂದು ಎಣಿಕೆ, ಹದಿನಾರು ಪ್ರತಿ

ಜಾತ್ರೆಗೆ ನಾಲ್ಕು ದಾರಿಯಿಂದ ಜನ ಬರುತ್ತಿದ್ದಾರೆ, ಎಷ್ಟು ಜನ ಬಂದರು ಅಂತ ಎಣಿಸಬೇಕು. ಒಂದೇ ನೋಟ್‌ಬುಕ್ ಇಟ್ಟು ನಾಲ್ಕೂ ಕಡೆ ಓಡಾಡಿಸುತ್ತಾರಾ? ಇಲ್ಲ. ದಾರಿಗೊಬ್ಬರನ್ನು ಕೂರಿಸಿ, ರಾತ್ರಿ ನಾಲ್ಕೂ ಲೆಕ್ಕ ಕೂಡಿಸುತ್ತಾರೆ.

ಕರ್ನಲ್ ಮಾಡುವುದೂ ಅದನ್ನೇ. ಹದಿನಾರು ಕೋರ್‌ಗಳು ಒಂದೇ ವೇರಿಯಬಲ್ಲನ್ನು ಹೆಚ್ಚಿಸುತ್ತಾ ಕೂತರೆ, ಅದು ಇರುವ 64 ಬೈಟ್‌ನ ಕ್ಯಾಶ್ ಲೈನ್ ಒಂದು ಕೋರ್‌ನಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತದೆ. ನಿಜವಾದ ಕೆಲಸಕ್ಕಿಂತ ಈ ಓಡಾಟಕ್ಕೇ ಸಮಯ ಜಾಸ್ತಿ ಹಿಡಿಯುತ್ತದೆ. ಅದಕ್ಕೇ ಪ್ರತಿ ಪ್ರೊಸೆಸರಿಗೂ ಆ ಎಣಿಕೆಯ ಒಂದೊಂದು ಪ್ರತಿ. ಬರೆಯುವಾಗ ನಿನ್ನದರಲ್ಲಿ ಮಾತ್ರ ಬರೆ. ಓದಬೇಕಾದಾಗ ಎಲ್ಲವನ್ನೂ ಕೂಡಿಸು.

64 ಬಿಟ್ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಇದನ್ನು ಬಹಳ ಚೆಂದವಾಗಿ ಮಾಡಿದ್ದಾರೆ. ಈ ಪ್ರೊಸೆಸರ್‌ನ ಜಾಗ ಎಲ್ಲಿಂದ ಶುರು ಅನ್ನುವುದು ಜಿಎಸ್ ಅನ್ನುವ ಸೆಗ್ಮೆಂಟ್ ರಿಜಿಸ್ಟರ್‌ನಿಂದ ಸಿಗುತ್ತದೆ. ಅದಕ್ಕೆ ಒಂದು ಆಫ್‌ಸೆಟ್ (ಶುರುವಿನಿಂದ ಎಷ್ಟು ಬೈಟ್ ದೂರ ಅನ್ನುವ ಅಂಕಿ) ಕೂಡಿಸಿದರೆ ನಮ್ಮ ವೇರಿಯಬಲ್. ಕೂಡಿಸುವುದು, ಹೆಚ್ಚಿಸುವುದು ಎರಡೂ ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಯುತ್ತದೆ. ಒಬ್ಬರು ಮುಟ್ಟುವಾಗ ಉಳಿದವರನ್ನು ತಡೆಯುವ ಲಾಕ್ ಬೇಡ. ಮಧ್ಯದಲ್ಲಿ ಇಂಟರಪ್ಟ್ (ಪ್ರೊಸೆಸರನ್ನು ತಡೆದು ಬೇರೆ ಕೆಲಸಕ್ಕೆ ಕರೆಯುವ ಸಂಕೇತ) ನುಗ್ಗುವ ಭಯವೂ ಇಲ್ಲ, ಯಾಕಂದರೆ ಇನ್‌ಸ್ಟ್ರಕ್ಷನ್ ಒಂದೇ, ಅದಕ್ಕೆ ಮಧ್ಯ ಅನ್ನೋದೇ ಇಲ್ಲ.

ಇದಕ್ಕೊಂದು ಷರತ್ತು ಇದೆ. ಒಂದು ವಸ್ತು ಎಲ್ಲ ಪ್ರೊಸೆಸರ್‌ಗಳ ಜಾಗದಲ್ಲೂ ಒಂದೇ ಆಫ್‌ಸೆಟ್‌ನಲ್ಲಿ ಇರಬೇಕು. ಸೊನ್ನೆಯ ಪ್ರೊಸೆಸರ್‌ನಲ್ಲಿ ಐನೂರನೇ ಬೈಟ್‌ನಲ್ಲಿದ್ದರೆ ಹದಿನೈದನೆಯದರಲ್ಲೂ ಐನೂರನೇ ಬೈಟ್. ಈ ಷರತ್ತು ನೆನಪಿರಲಿ, ಮುಂದಿನ ತಕರಾರೆಲ್ಲ ಹುಟ್ಟುವುದು ಇಲ್ಲೇ.

2009ಕ್ಕಿಂತ ಮುಂಚೆ ಹೀಗಿರಲಿಲ್ಲ. ಕರ್ನಲ್ ಓಡುತ್ತಿರುವಾಗ ಕೇಳಿ ಪಡೆಯುವ ಪರ್‌ಸಿಪಿಯು ಮೆಮೊರಿಗೆ ಪಾಯಿಂಟರ್‌ಗಳ ಒಂದು ಪಟ್ಟಿ ಇರುತ್ತಿತ್ತು. ಪ್ರತಿ ಪ್ರೊಸೆಸರಿಗೂ ಬೇರೆ ಬೇರೆ ಕಡೆ ಜಾಗ ಪಡೆದು, ಆ ವಿಳಾಸಗಳನ್ನು ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಮುಟ್ಟಬೇಕಾದಾಗಲೆಲ್ಲ ಮೊದಲು ಪಟ್ಟಿಗೆ ಹೋಗಿ, ಅಲ್ಲಿಂದ ವಸ್ತುವಿಗೆ ಹೋಗಬೇಕು. ನಿಧಾನ. 2009ರಲ್ಲಿ ತೇಜುನ್ ಹೀಯೊ ಇದನ್ನು ಬದಲಿಸಿ, ಈಗ ಹೇಳಿದ ಒಂದೇ ಆಫ್‌ಸೆಟ್‌ನ ಪದ್ಧತಿಯನ್ನು ಎಲ್ಲದಕ್ಕೂ ತಂದರು. ವೇಗ ಸಿಕ್ಕಿತು. ಹಳೆಯ ಪದ್ಧತಿಯಲ್ಲಿ ಪ್ರತಿ ತುಂಡೂ ಬೇರೆಯಾಗಿದ್ದರಿಂದ ಬಿಟ್ಟ ತಕ್ಷಣ ಮಾಮೂಲಿ ಕರ್ನಲ್ ಮೆಮೊರಿಯ ಹಾಗೆ ವಾಪಸ್ ಹೋಗುತ್ತಿತ್ತು. ಹೊಸದರಲ್ಲಿ ಆ ಸಲೀಸು ಹೋಯಿತು. ಹಾಗಂತ ಹೊಸದು ತಪ್ಪು ಅಂತಲ್ಲ. ನನ್ನನ್ನು ಕೇಳಿದರೆ ಅದು ಪೂರ್ತಿ ಸರಿಯಾದ ವ್ಯಾಪಾರವೇ. ಬೆಲೆ ಕಣ್ಣಿಗೆ ಬೀಳುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು, ಅಷ್ಟೇ.

ಚಂಕ್ ಮತ್ತು ಯೂನಿಟ್

ಅಲೊಕೇಟರ್ ಜಾಗವನ್ನು ಚಂಕ್ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಚಂಕ್ ಒಳಗೆ ಪ್ರೊಸೆಸರಿಗೊಂದರಂತೆ ಯೂನಿಟ್. ಎಲ್ಲ ಯೂನಿಟ್‌ಗಳೂ ಒಂದೇ ಅಳತೆ, ಒಂದೇ ನಕ್ಷೆ. ಮಷಿನ್ ಬೂಟ್ ಆಗುವಾಗಿನ ಲಾಗ್‌ನಲ್ಲಿ 'ಪರ್‌ಸಿಪಿಯು' ಅಂತ ಶುರುವಾಗುವ ಒಂದು ಸಾಲು ಬರುತ್ತದೆ. ಪ್ರೊಸೆಸರಿಗೆ ಇಷ್ಟು ಪೇಜ್ (4 ಕೆಬಿಯ ಮೆಮೊರಿ ತುಂಡು) ಅಂತ ಹೇಳಿ, ಎಸ್, ಆರ್, ಡಿ, ಯು ಅಕ್ಷರಗಳ ಮುಂದೆ ಒಂದೊಂದು ಅಂಕಿ ಕೊಟ್ಟಿರುತ್ತಾರೆ. ಎಸ್ ಅಂದರೆ ಕರ್ನಲ್ ಜೊತೆಗೇ ಬಂದ ಸ್ಥಿರ ವೇರಿಯಬಲ್‌ಗಳು. ಆರ್ ಅಂದರೆ ಮಾಡ್ಯೂಲ್‌ಗಳಿಗೆ ಕಾದಿರಿಸಿದ್ದು, ಸಾಮಾನ್ಯವಾಗಿ 8192 ಬೈಟ್. ಡಿ ಅಂದರೆ ಓಡುವಾಗ ಹಂಚಲು ಇಟ್ಟಿದ್ದು. ಯು ಅಂದರೆ ಯೂನಿಟ್ ಅಳತೆ. 16 ಕೋರ್‌ನ ಮಷಿನ್‌ನಲ್ಲಿ ಯು ಮುಂದೆ 262144 ಕಂಡರೆ, ಯೂನಿಟ್ 256 ಕೆಬಿ, ಅಂದರೆ 64 ಪೇಜ್. ಇಡೀ ಚಂಕ್ 4 ಎಂಬಿ.

ಡಿ ಮುಗಿದ ಮೇಲೆ ಕೇಳಿದವರಿಗೆ ಹೊಸ ಚಂಕ್ ತೆರೆಯುತ್ತದೆ. ತೆರೆದ ತಕ್ಷಣ 4 ಎಂಬಿ ಪೂರ್ತಿ ಮೆಮೊರಿ ಹೋಗುವುದಿಲ್ಲ. ವಿಳಾಸಗಳನ್ನು ಮಾತ್ರ ಹಿಡಿದಿಟ್ಟು, ಬೇಕಾದಾಗ ಪೇಜ್ ತುಂಬುತ್ತಾ ಹೋಗುತ್ತದೆ. ಮೂರನೇ ಪೇಜ್ ಬೇಕಾದರೆ ಹದಿನಾರೂ ಯೂನಿಟ್‌ಗಳ ಮೂರನೇ ಪೇಜ್ ಒಟ್ಟಿಗೆ ಬರುತ್ತದೆ.

ಈಗ ಕಡೆಗಣಿಸಿದರೆ ಕೆಡುವ ಒಂದು ಲೆಕ್ಕ. ಸಿಗ್ರೂಪ್ ಬಳಸುವ ಪರ್‌ಸಿಪಿಯು ರೆಫರೆನ್ಸ್ ಕೌಂಟರ್ (ಇನ್ನೂ ಎಷ್ಟು ಕಡೆ ಬಳಕೆಯಲ್ಲಿದೆ ಅನ್ನುವ ಎಣಿಕೆ) 64 ಬಿಟ್ ಮಷಿನ್‌ನಲ್ಲಿ ಬರೀ 8 ಬೈಟ್. ಹದಿನಾರು ಪ್ರತಿ ಸೇರಿದರೆ 128 ಬೈಟ್. ಅದೊಂದು ಇನ್ನೂ ಜೀವಂತ ಇದೆ ಅಂದರೆ ಆ ಚಂಕ್ ಖಾಲಿ ಅಲ್ಲ. 2021ರವರೆಗೆ ನಿಯಮ ಇದ್ದಿದ್ದು ಹೀಗೆ: ಚಂಕ್ ಪೂರ್ತಿ ಖಾಲಿಯಾದರೆ ಮಾತ್ರ ವಾಪಸ್. 128 ಬೈಟ್ ಸೇರಿಕೊಂಡು 4 ಎಂಬಿಯನ್ನು ಹಿಡಿದಿಟ್ಟುಕೊಳ್ಳಬಹುದು.

ಪಂಕ್ತಿಯ ಕೊನೆಯ ಊಟಗಾರ

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಅರವತ್ತು ಎಲೆ ಹಾಕಿದ್ದಾರೆ. ಐವತ್ತೊಂಬತ್ತು ಜನ ಕೈ ತೊಳೆಯಲು ಹೋದರು. ಒಬ್ಬರು ಇನ್ನೂ ನಿಧಾನವಾಗಿ ಮಜ್ಜಿಗೆ ಅನ್ನ ಕಲಸುತ್ತಿದ್ದಾರೆ. ಅವರು ಏಳುವ ತನಕ ಸಾಲು ಎತ್ತುವ ಹಾಗಿಲ್ಲ, ಅಲ್ವಾ? ಗುಶ್ಚಿನ್ ಅವರ ಸ್ಕ್ರಿಪ್ಟ್ ಮಾಡಿದ್ದು ಇದನ್ನೇ. ಪ್ರತಿ ಹನ್ನೊಂದು ಜನರಲ್ಲಿ ಒಬ್ಬರನ್ನು ಬೇಕಂತಲೇ ಕೂರಿಸಿಬಿಟ್ಟಿತು.

ಅಂಕಿ ಹಾಕಿ ನೋಡೋಣ. 481152ರಲ್ಲಿ 7488 ಕಳೆದರೆ 473664. ಅದನ್ನು 11,000ದಿಂದ ಭಾಗಿಸಿದರೆ ಒಂದು ಸಿಗ್ರೂಪ್‌ಗೆ ಸುಮಾರು 43 ಕೆಬಿ. ಮೆಮೊರಿ ಅಂಕಿಅಂಶಗಳು, ಘಟನೆಗಳ ಎಣಿಕೆ, ರೆಫರೆನ್ಸ್ ಕೌಂಟರ್ ಎಲ್ಲ ಸೇರಿ ಇಷ್ಟು. ಲೆಕ್ಕಕ್ಕೆ 16 ಕೋರ್ ಎಂದಿಟ್ಟುಕೊಂಡರೆ ಒಂದು ಯೂನಿಟ್‌ನಲ್ಲಿ ಒಂದು ಸಿಗ್ರೂಪ್ ಹಿಡಿಯುವುದು 2.7 ಕೆಬಿ. ಹನ್ನೊಂದಕ್ಕೆ ಹೆಚ್ಚುಕಡಿಮೆ 30 ಕೆಬಿ. ಅಂದರೆ 256 ಕೆಬಿಯ ಯೂನಿಟ್‌ನಲ್ಲಿ ಎಂಟೊಂಬತ್ತು ಸಿಗ್ರೂಪ್‌ಗಳು ಬದುಕಿ ಉಳಿದಿರುತ್ತವೆ. ಒಂದೇ ಒಂದು ಉಳಿದರೂ ಸಾಕಿತ್ತು, ಇಲ್ಲಿ ಎಂಟೊಂಬತ್ತು. ಯಾವ ಚಂಕ್ ತಾನೇ ಖಾಲಿಯಾದೀತು? ಎರಡನೇ ಅಂಕಿ, ಮೂರನೇ ಅಂಕಿ ಎರಡೂ 481152 ಆಗಿದ್ದು ಹೀಗೆ.

ಸ್ಕ್ರಿಪ್ಟ್‌ನಲ್ಲಿ ಇದು ಬೇಕಂತ ಮಾಡಿದ್ದು. ನಿಜವಾದ ಸರ್ವರ್‌ನಲ್ಲಿ ಹೀಗೆ ಲೆಕ್ಕ ಹಾಕಿ ಹನ್ನೊಂದರಲ್ಲಿ ಒಂದನ್ನು ಯಾರೂ ಉಳಿಸುವುದಿಲ್ಲ. ಆದರೂ ಅಲ್ಲಿ ಜಿಬಿಗಟ್ಟಲೆ ಸಿಕ್ಕಿಕೊಂಡಿತ್ತಲ್ಲ, ಅದು ಹೇಗೆ? ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಕಾರಣ ಅಲೊಕೇಟರ್‌ನ ಒಂದು ಒಳ್ಳೆಯ ಅಭ್ಯಾಸ.

ಖಾಲಿ ಜಾಗ ಎಷ್ಟಿದೆ ಅನ್ನುವುದರ ಮೇಲೆ ಅಲೊಕೇಟರ್ ಚಂಕ್‌ಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಟ್ಟಿರುತ್ತದೆ. ಯಾರಾದರೂ ಜಾಗ ಕೇಳಿದರೆ, ಅಷ್ಟು ಹಿಡಿಸುವ ಚಂಕ್‌ಗಳಲ್ಲಿ ಹೆಚ್ಚು ತುಂಬಿರುವುದನ್ನೇ ಮೊದಲು ನೋಡುತ್ತದೆ. ಪಂಕ್ತಿಯಲ್ಲಿ ಮಧ್ಯೆ ಒಂದು ಎಲೆ ಖಾಲಿ ಇದ್ದರೆ ಬಂದವರನ್ನು ಅಲ್ಲೇ ಕೂರಿಸುವ ಹಾಗೆ. ಹೊಸ ಸಾಲು ಹಾಕುವ ಗೋಜು ಬೇಡ. ಇದು ಸರಿಯಾದ ಬುದ್ಧಿಯೇ. ಆದರೆ ತಡವಾಗಿ ಬಂದವರನ್ನು, ಇನ್ನೇನು ಎದ್ದೇಳುವ ಸಾಲಿನಲ್ಲಿ ಕೂರಿಸುತ್ತಾ ಹೋದರೆ ಆ ಸಾಲು ಎದ್ದೇಳುವುದೇ ಇಲ್ಲ. ರೆಫರೆನ್ಸ್ ಕೌಂಟರ್‌ನಂಥ ಚಿಕ್ಕ ಚಿಕ್ಕ ವಸ್ತುಗಳಂತೂ ಯಾವ ಸಂದಿಯಲ್ಲಾದರೂ ತೂರುತ್ತವೆ. ಅವು ಹಳೆಯ, ಹೆಚ್ಚುಕಡಿಮೆ ತುಂಬಿದ ಚಂಕ್‌ಗಳಿಗೆ ಹೋಗಿ ಕೂರುತ್ತವೆ. ಸುತ್ತಲಿನವರೆಲ್ಲ ಎದ್ದು ಹೋದ ಮೇಲೂ ಅಲ್ಲೇ ಇರುತ್ತವೆ.

ಕಂಟೈನರ್ (ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಪ್ರೋಗ್ರಾಂಗಳ ಗುಂಪು) ಓಡಿಸುವ ಮಷಿನ್‌ನಲ್ಲಿ ಸಿಗ್ರೂಪ್‌ಗಳು ಹುಟ್ಟಿ ಸಾಯುವುದು ದಿನವಿಡೀ ನಡೆಯುತ್ತದೆ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಕೂಡ ಪ್ರತಿ ಸರ್ವಿಸ್‌ಗೆ ಒಂದು ಸಿಗ್ರೂಪ್ ಮಾಡುತ್ತದೆ. ಒಂದು ಗಡಿಬಿಡಿಯ ಗಂಟೆಯಲ್ಲಿ ಪರ್‌ಸಿಪಿಯು ಮೆಮೊರಿ ಮೇಲಕ್ಕೆ ಏರಿದರೆ, ಆ ಗಡಿಬಿಡಿ ಮುಗಿದ ಮೇಲೂ ಅದು ಅದೇ ಎತ್ತರದಲ್ಲಿ ನಿಂತುಬಿಡುತ್ತಿತ್ತು.

ಜರುಗಿಸಬಾರದಾ?

ಇಲ್ಲಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಚದುರಿಹೋದವರನ್ನೆಲ್ಲ ಒಂದೇ ಸಾಲಿಗೆ ಕರೆತಂದು ಉಳಿದ ಸಾಲು ಎತ್ತಬಾರದಾ?

ಆಗುವುದಿಲ್ಲ. ಜಾಗ ಕೊಡುವಾಗ ಅಲೊಕೇಟರ್ ಕೊಡುವುದು ಬರಿಯ ಪಾಯಿಂಟರ್. ಪಡೆದವರು ಅದನ್ನು ಎಲ್ಲೆಲ್ಲಿ ಬರೆದಿಟ್ಟಿದ್ದಾರೆ ಅಂತ ಅಲೊಕೇಟರಿಗೆ ಗೊತ್ತಿಲ್ಲ. ಜೊತೆಗೆ ಹದಿನಾರು ಕೋರ್‌ಗಳು ಯಾವ ಲಾಕೂ ಇಲ್ಲದೆ ಆ ಜಾಗದಲ್ಲಿ ಎಣಿಸುತ್ತಲೇ ಇರುತ್ತವೆ. ಲಾಕ್ ಬೇಡ ಅಂತಲೇ ಅಲ್ವಾ ಇಷ್ಟೆಲ್ಲ ಕಟ್ಟಿದ್ದು. ಜರುಗಿಸುವುದಕ್ಕಾಗಿ ಲಾಕ್ ತಂದರೆ ಬುಡವೇ ಹೋಯಿತು.

ತುಂಬಿದ ಚಂಕ್ ಬಿಟ್ಟು ಖಾಲಿ ಇರುವುದರಲ್ಲಿ ಕೂರಿಸೋಣ ಅಂದರೆ ಅದೂ ಸರಿಬರುವುದಿಲ್ಲ. ಆಗ ಎಲ್ಲ ಚಂಕ್‌ಗಳೂ ಅರ್ಧಂಬರ್ಧ ತುಂಬಿ, ಯಾವುದೂ ಖಾಲಿಯಾಗುವುದಿಲ್ಲ.

ಸಾಲು ಎತ್ತುವುದು ಬಿಟ್ಟು ಎಲೆ ಎತ್ತಿದರು

ಪರಿಹಾರ ಬಂದಿದ್ದು ಗುರಿಯನ್ನು ಚಿಕ್ಕದು ಮಾಡಿಕೊಂಡಾಗ. ಚಂಕ್ ಪೂರ್ತಿ ಖಾಲಿಯಾಗಲಿ ಅಂತ ಕಾಯುವುದು ಯಾಕೆ? ಅದರೊಳಗೆ ಪೂರ್ತಿ ಖಾಲಿ ಇರುವ ಪೇಜ್‌ಗಳಿದ್ದರೆ ಅವನ್ನಷ್ಟೇ ತೆಗೆದು ಸಿಸ್ಟಮ್ಮಿಗೆ ಕೊಡೋಣ. ಪೇಜ್ ಹೋದರೂ ಅದರ ವಿಳಾಸ ಚಂಕ್‌ನಲ್ಲೇ ಇರುತ್ತದೆ. ಬೇಕಾದಾಗ ಮತ್ತೆ ತುಂಬಿಕೊಳ್ಳಬಹುದು. ಉಳಿದ ವಸ್ತುಗಳು ಇದ್ದಲ್ಲೇ ಇರುತ್ತವೆ, ಯಾರ ಪಾಯಿಂಟರೂ ಬದಲಾಗುವುದಿಲ್ಲ.

ಇದಕ್ಕೆ ನೆಲ ಆಗಲೇ ಹದವಾಗಿತ್ತು. 2017ರಲ್ಲಿ ಡೆನಿಸ್ ಝೌ ಅಲೊಕೇಟರ್‌ನ ಒಳಲೆಕ್ಕವನ್ನು ಬಿಟ್‌ಮ್ಯಾಪ್‌ಗೆ ಬದಲಿಸಿದ್ದರು. 4 ಬೈಟ್‌ಗೆ ಒಂದು ಬಿಟ್, ಅಂದರೆ ಒಂದು ಪೇಜ್‌ಗೆ 1024 ಬಿಟ್. ಪ್ರತಿ ಪೇಜ್‌ಗೂ ಒಂದು ಸಣ್ಣ ಸಾರಾಂಶ ಬೇರೆ. ಹಾಗಾಗಿ ಯಾವ ಪೇಜ್ ಖಾಲಿ ಅಂತ ಹುಡುಕಲು ಹೆಣಗಾಡಬೇಕಿರಲಿಲ್ಲ.

ಕಷ್ಟ ಇದ್ದಿದ್ದು ಯಾವಾಗ ನಿಲ್ಲಿಸಬೇಕು ಅನ್ನುವುದರಲ್ಲಿ. ಖಾಲಿ ಪೇಜ್ ಕಂಡಾಗಲೆಲ್ಲ ಕಿತ್ತು, ಮರುಕ್ಷಣ ಯಾರೋ ಕೇಳಿದರು ಅಂತ ಮತ್ತೆ ತುಂಬುತ್ತಾ ಕೂತರೆ ಮೊದಲಿಗಿಂತ ಕಡೆ. ಪೇಜ್ ಕಿತ್ತರೆ ಎಲ್ಲ ಕೋರ್‌ಗಳಲ್ಲೂ ಟಿಎಲ್‌ಬಿ (ಯಾವ ವಿಳಾಸ ಯಾವ ಪೇಜ್‌ನಲ್ಲಿದೆ ಅಂತ ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಪಟ್ಟಿ) ಅಳಿಸಬೇಕು, ಅದು ಅಗ್ಗದ ಕೆಲಸವಲ್ಲ. ಅದಕ್ಕೇ ಒಂದು ಚಂಕ್‌ನಲ್ಲಿ ಕೀಳುವ ಪೇಜ್‌ಗಳನ್ನೆಲ್ಲ ಕಿತ್ತ ಮೇಲೆ ಕೊನೆಗೆ ಒಂದೇ ಸಲ ಅಳಿಸುತ್ತಾರೆ.

ಒಂದು ಮಿತಿಯನ್ನೂ ಇಟ್ಟರು. ಚಂಕ್‌ನ ಪೇಜ್‌ಗಳಲ್ಲಿ ಕಾಲು ಭಾಗವಾದರೂ ತುಂಬಿ, ಆದರೆ ಬಳಕೆಯಿಲ್ಲದೆ ಇದ್ದರೆ ಮಾತ್ರ ಆ ಚಂಕ್‌ಗೆ ಕೈ ಹಾಕುವುದು. ನಮ್ಮ 64 ಪೇಜ್‌ನ ಯೂನಿಟ್‌ನಲ್ಲಿ 16. ಹಾಗೇ, ಬೇರೆ ಚಂಕ್‌ಗಳಲ್ಲಿ ಕೈಗೆ ಸಿಗುವಂತೆ ನಾಲ್ಕಕ್ಕಿಂತ ಜಾಸ್ತಿ ಖಾಲಿ ಪೇಜ್ ಇರಬೇಕು. ಯಾಕಂದರೆ ಕರ್ನಲ್‌ನಲ್ಲಿ ಕಾಯಲು ಆಗದ ಸಂದರ್ಭದಲ್ಲಿ ಜಾಗ ಕೇಳುವವರೂ ಇದ್ದಾರೆ. ಅವರು ಬಂದಾಗ "ಇರಿ, ಪೇಜ್ ತರ್ತೀನಿ" ಅನ್ನುವ ಹಾಗಿಲ್ಲ. ಅವರಿಗಾಗಿ ಸ್ವಲ್ಪ ಯಾವಾಗಲೂ ಸಿದ್ಧ ಇರಬೇಕು.

ಕೀಳುವುದು ಚಂಕ್‌ನ ಕೊನೆಯಿಂದ ಹಿಂದಕ್ಕೆ. ಕಿತ್ತ ಮೇಲೆ ಆ ಚಂಕನ್ನು ಪಕ್ಕಕ್ಕೆ ಸರಿಸಿ ಇಡುತ್ತಾರೆ. ಒಳ್ಳೆಯ ಅಭ್ಯಾಸದಿಂದ ಬಂದ ತೊಂದರೆಗೆ ಉತ್ತರ ಸಿಕ್ಕಿದ್ದು ಈ ಪಕ್ಕಕ್ಕಿಡುವ ಕೆಲಸದಲ್ಲಿ. ಹೊಸಬರು ಬಂದರೆ ಮೊದಲು ಬೇರೆ ಚಂಕ್‌ಗಳಲ್ಲಿ ಜಾಗ ಹುಡುಕುತ್ತದೆ. ಎಲ್ಲೂ ಸಿಗದಿದ್ದರೆ, ಪೂರ್ತಿ ಖಾಲಿ ಇರುವ ಚಂಕ್ ಮುಟ್ಟುವ ಮುಂಚೆ, ಪಕ್ಕಕ್ಕಿಟ್ಟಿದ್ದನ್ನು ನೋಡುತ್ತದೆ. ಅಲ್ಲಿ ಜಾಗ ಸಿಕ್ಕರೆ ಆ ಚಂಕ್ ಮತ್ತೆ ಸಾಲಿಗೆ ಸೇರುತ್ತದೆ. ಎದ್ದೇಳುತ್ತಿರುವ ಪಂಕ್ತಿಗೆ ಹೊಸ ಊಟಗಾರರನ್ನು ಕಳಿಸುವುದು ಕೊನೆಯ ಉಪಾಯ ಆಯಿತು.

7488, 481408, 135552

ಪ್ಯಾಚ್ ಹಾಕಿ ಅದೇ ಸ್ಕ್ರಿಪ್ಟ್ ಓಡಿಸಿದಾಗ ಬಂದ ಅಂಕಿಗಳಿವು. 470 ಎಂಬಿ ಇದ್ದಿದ್ದು 132 ಎಂಬಿಗೆ ಇಳಿಯಿತು. ಮೂರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆ. ಈ ಕೆಲಸ 5.14ರ ಕರ್ನಲ್‌ಗೆ ಸೇರಿತು.

ಆದರೆ ಲೆಕ್ಕ ಹಾಕಿದರೆ, ಉಳಿದ 1000 ಸಿಗ್ರೂಪ್‌ಗಳಿಗೆ 43 ಕೆಬಿಯಂತೆ ಸಾಕಾಗುವುದು 42 ಎಂಬಿ. ಮೊದಲಿದ್ದ ಏಳು ಸೇರಿಸಿದರೂ 50 ಮುಟ್ಟುವುದಿಲ್ಲ. 132 ಯಾಕೆ?

ಮತ್ತೆ 16 ಕೋರ್‌ನ ಲೆಕ್ಕಕ್ಕೆ ಬನ್ನಿ. ಹನ್ನೊಂದು ಸಿಗ್ರೂಪ್‌ಗಳ 30 ಕೆಬಿ ಅಂದರೆ ಏಳು ಚಿಲ್ಲರೆ ಪೇಜ್. ಉಳಿದ ಒಂದರದ್ದು 2.7 ಕೆಬಿ. ಅದು ಒಂದೇ ಪೇಜ್‌ನೊಳಗೆ ಅಚ್ಚುಕಟ್ಟಾಗಿ ಕೂರಬೇಕಂತ ಏನಿಲ್ಲ. ಕೆಲವೊಮ್ಮೆ ಒಂದರಲ್ಲಿ, ಬಹಳ ಸಲ ಎರಡು ಪೇಜ್‌ಗಳ ಗಡಿ ದಾಟಿ ಕೂತಿರುತ್ತದೆ. ಸರಾಸರಿ ಒಂದೂಮುಕ್ಕಾಲು ಪೇಜ್ ಅಂದುಕೊಂಡರೂ ಸಿಗ್ರೂಪ್‌ಗಳಿಗೆ ಹೋಗಿದ್ದ 462 ಎಂಬಿಯಲ್ಲಿ ಸುಮಾರು 105 ರಿಂದ 110 ಎಂಬಿ ಅಲ್ಲೇ ನಿಲ್ಲುತ್ತದೆ. ಒಂದು ಸಿಗ್ರೂಪ್ ತೆಗೆದುಕೊಳ್ಳುವುದು ಒಂದೇ ತುಂಡಲ್ಲ, ಚಿಕ್ಕ ದೊಡ್ಡ ಹಲವು ತುಂಡು. ಅವು ಅಲ್ಲಲ್ಲಿ ಚದುರಿದ್ದರೆ ಇನ್ನಷ್ಟು ಪೇಜ್ ಸಿಕ್ಕಿಕೊಳ್ಳುತ್ತದೆ. ಹೀಗೆ 132 ಅನ್ನುವುದು ಆಶ್ಚರ್ಯದ ಅಂಕಿಯಲ್ಲ. ಪೇಜ್‌ಗಿಂತ ಸಣ್ಣ ಎಲೆ ಎತ್ತಲು ಬರುವುದಿಲ್ಲ.

ಅದೇ 5.14ರಲ್ಲಿ ಇನ್ನೊಂದು ಸಣ್ಣ ರಿಪೇರಿಯೂ ಆಯಿತು. 2020ರ 5.9ರಿಂದ ಪರ್‌ಸಿಪಿಯು ಮೆಮೊರಿಯನ್ನು ಬಳಸಿದ ಸಿಗ್ರೂಪ್‌ನ ಲೆಕ್ಕಕ್ಕೇ ಬರೆಯುವುದು ಶುರುವಾಗಿತ್ತು. ಆಗ ಲೆಕ್ಕಕ್ಕೆ ಬರುವವರಿಗೆ ಒಂದು ಬಗೆಯ ಚಂಕ್, ಬಾರದವರಿಗೆ ಇನ್ನೊಂದು ಬಗೆ ಅಂತ ಪಂಕ್ತಿಭೇದ ಮಾಡಿದ್ದರು. ಎರಡು ಕಡೆ ಅರ್ಧರ್ಧ ತುಂಬಿದ ಚಂಕ್ ಇಟ್ಟುಕೊಳ್ಳುವುದು ವ್ಯರ್ಥ ಅಂತ ಆಮೇಲೆ ಎರಡನ್ನೂ ಒಂದು ಮಾಡಿದರು.

ನಿಮ್ಮ ಮಷಿನ್‌ನಲ್ಲಿ

ಮೊದಲು ನೋಡಬೇಕಾದ್ದು ಎಷ್ಟು ಕೋರ್ ಓಡುತ್ತಿವೆ ಅಂತಲ್ಲ, ಎಷ್ಟು ಕೋರ್ ಬರಬಹುದು ಅಂತ ಕರ್ನಲ್ ನಂಬಿದೆ ಅನ್ನುವುದು. ಸಿಸ್ಟಮ್ ಫೈಲ್‌ಗಳ ನಡುವೆ ಸಿಪಿಯು ಫೋಲ್ಡರ್‌ನಲ್ಲಿ 'ಪಾಸಿಬಲ್' ಅನ್ನುವ ಒಂದು ಫೈಲ್ ಇದೆ, ಅದರಲ್ಲಿ ಇದು ಸಿಗುತ್ತದೆ. ಪರ್‌ಸಿಪಿಯು ಪ್ರತಿಗಳು ಹಂಚಿಕೆಯಾಗುವುದು ಅದರ ಪ್ರಕಾರ. ವರ್ಚುವಲ್ ಮಷಿನ್‌ಗಳಲ್ಲಿ ಮುಂದೆ ಕೋರ್ ಸೇರಿಸಬಹುದು ಅಂತ ಈ ಅಂಕಿಯನ್ನು ದೊಡ್ಡದಾಗಿ ಇಟ್ಟಿರುವುದುಂಟು. ನಾಲ್ಕೇ ಕೋರ್ ಓಡುತ್ತಿದ್ದು, 240 ಬರಬಹುದು ಅಂತಿದ್ದರೆ, ನಮ್ಮ 2.7 ಕೆಬಿಯ ಸಿಗ್ರೂಪ್ ನಾಲ್ಕು ಪ್ರತಿಗೆ ನಿಲ್ಲುವುದಿಲ್ಲ. 240 ಪ್ರತಿ ಆಗಿ 650 ಕೆಬಿ ಹತ್ತಿರ ತಿನ್ನುತ್ತದೆ. ಎಕ್ಸ್86ನಲ್ಲಿ ಇದನ್ನು ಬೂಟ್ ಆಗುವಾಗಲೇ 'ಪಾಸಿಬಲ್ ಸಿಪಿಯುಸ್' ಆಯ್ಕೆಯಿಂದ ಕಡಿಮೆ ಮಾಡಬಹುದು. ಬಾಡಿಗೆಯ ಸಣ್ಣ ಮಷಿನ್ ಇಟ್ಟುಕೊಂಡವರಿಗೆ ಇದೊಂದೇ ಸಾಲು ಎಷ್ಟೋ ಉಳಿಸುತ್ತದೆ.

ಆಮೇಲೆ ಮೆಮ್‌ಇನ್ಫೊದ ಪರ್‌ಸಿಪಿಯು ಸಾಲು. ಬೆಳಗ್ಗೆ ಒಂದು ಸಲ, ಕೆಲಸದ ಒತ್ತಡ ಇದ್ದಾಗ ಒಂದು ಸಲ, ಎಲ್ಲ ತಣ್ಣಗಾದ ಮೇಲೆ ಒಂದು ಸಲ ಬರೆದಿಟ್ಟುಕೊಳ್ಳಿ. ಏರಿದ್ದು ಇಳಿಯದಿದ್ದರೆ, ಕರ್ನಲ್ 5.14ಕ್ಕಿಂತ ಹಳೆಯದಿದ್ದರೆ, ಲೀಕ್ ಹುಡುಕುವ ಉಪಕರಣಗಳನ್ನು ಓಡಿಸಿ ರಾತ್ರಿ ಹಾಳು ಮಾಡಿಕೊಳ್ಳಬೇಡಿ. ಅವುಗಳಿಗೆ ಇದು ಕಾಣುವುದಿಲ್ಲ. ಬದಲಿಗೆ, ಕರ್ನಲ್ ಕಟ್ಟುವಾಗ ಪರ್‌ಸಿಪಿಯು ಸ್ಟ್ಯಾಟ್ಸ್ ಆಯ್ಕೆ ಹಾಕಿದ್ದರೆ, ಡಿಬಗ್ ಫೈಲ್‌ಗಳಲ್ಲಿ 'ಪರ್‌ಸಿಪಿಯು ಸ್ಟ್ಯಾಟ್ಸ್' ತೆರೆಯಿರಿ. ಪ್ರತಿ ಚಂಕ್‌ಗೂ ಎಷ್ಟು ವಸ್ತು ಇವೆ, ಎಷ್ಟು ಬೈಟ್ ಖಾಲಿ ಇದೆ ಅಂತ ಒಂದೊಂದು ಸಾಲು ಇರುತ್ತದೆ. ಸಾಲು ಸಾಲಾಗಿ ಚಂಕ್‌ಗಳು, ಪ್ರತಿಯೊಂದರಲ್ಲೂ ನಾಲ್ಕೈದು ವಸ್ತು, ಉಳಿದದ್ದೆಲ್ಲ ಖಾಲಿ ಅಂತ ಕಂಡರೆ, ಮಜ್ಜಿಗೆ ಅನ್ನ ಕಲಸುತ್ತಾ ಕೂತವರು ಅವರೇ.